ಲಕೋಟೆಗೆ ಹಾಕಿದ ಉಸಿರಿನ ಲೆಕ್ಕ

ಹನ್ನೊಂದು ವರ್ಷದ ಹಿಂದಿನ ಮಾತು. ಆಗ ನಾನು ಚಿಂತಾಮಣಿಯ ಒಂದು ಸಣ್ಣ ನರ್ಸಿಂಗ್ ಹೋಂನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹದಿನಾಲ್ಕು ಹಾಸಿಗೆ, ಇಬ್ಬರು ನರ್ಸುಗಳು, ಒಬ್ಬರೇ ಡಾಕ್ಟರು. ಹೆರಿಗೆ, ಜ್ವರ, ಡ್ರಿಪ್ಪು, ಇಂಜೆಕ್ಷನ್ನು ಬಿಟ್ಟರೆ ಬೇರೆ ಕೆಲಸ ಬರುತ್ತಿರಲಿಲ್ಲ. ಸ್ವಲ್ಪ ಗಂಭೀರವಾದ ರೋಗಿ ಬಂದರೆ ಡಾಕ್ಟರು ಚೀಟಿ ಬರೆದು ಆಂಬುಲೆನ್ಸ್ ಹತ್ತಿಸಿ ಕಳಿಸಿಬಿಡುತ್ತಿದ್ದರು. ಆ ರೋಗಿಗಳಿಗೆ ಮುಂದೆ ಏನು ಮಾಡುತ್ತಾರೆ, ಹೇಗೆ ಉಳಿಸುತ್ತಾರೆ ಎಂಬುದು ನನಗೆ ಪುಸ್ತಕದಲ್ಲಿ ಓದಿ ಗೊತ್ತಿತ್ತೇ ಹೊರತು ಕಣ್ಣಲ್ಲಿ ನೋಡಿ ಗೊತ್ತಿರಲಿಲ್ಲ.

ಚಿಕ್ಕಬಳ್ಳಾಪುರದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಹುದ್ದೆಗಳು ಖಾಲಿಯಿವೆ ಎಂಬ ಸುದ್ದಿ ಸಿಕ್ಕಿದ್ದು ಆಗ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಅರ್ಜಿ ಹಾಕಿದೆ. ಮನೆಯಲ್ಲಿ ಆಗಲೇ ನನ್ನ ಮದುವೆಯ ಮಾತು ಶುರುವಾಗಿತ್ತು. ನಮ್ಮದು ಅಂಬಾಜಿದುರ್ಗದ ಬುಡದಲ್ಲಿರುವ ಹಳ್ಳಿ. ಟೊಮೆಟೊ ಬೆಳೆಯುವ ಮನೆ. ಅಪ್ಪ ಹೆಚ್ಚು ಮಾತಿನವರಲ್ಲ. "ದೊಡ್ಡಾಸ್ಪತ್ರೇಲಿ ಸಿಕ್ರೆ ಮಾಡ್ಕೊ ಭಾಗ್ಯಮ್ಮ. ಸಿಗ್ಲಿಲ್ಲ ಅಂದ್ರೆ ಈ ಓಡಾಟ ಸಾಕು, ಮನೇಲಿರು," ಅಂದರು. ಅವರು ಗದರಿ ಹೇಳಿದ ಮಾತಲ್ಲ ಅದು. ಆದರೆ ಆ ಮಾತಿನ ಅರ್ಥ ನನಗೆ ಸ್ಪಷ್ಟವಾಗಿತ್ತು. ಈ ಕೆಲಸ ಸಿಗದಿದ್ದರೆ ನನ್ನ ನರ್ಸ್ ವೃತ್ತಿ ಅಲ್ಲಿಗೆ ಮುಗಿಯುತ್ತಿತ್ತು.

ಆಯ್ಕೆ ನಾಲ್ಕು ಹಂತದಲ್ಲಿ ಎಂದು ಪತ್ರದಲ್ಲಿತ್ತು. ಮೊದಲು ಲಿಖಿತ ಪರೀಕ್ಷೆ, ಆಮೇಲೆ ಸ್ಕಿಲ್ ಟೆಸ್ಟ್, ಅಂದರೆ ಕೆಲಸ ಮಾಡಿ ತೋರಿಸುವ ಪರೀಕ್ಷೆ. ಮೂರನೆಯದು ಪ್ಯಾನೆಲ್ ಸಂದರ್ಶನ. ಕೊನೆಯದು ಮೆಡಿಕಲ್ ಡೈರೆಕ್ಟರ್ ಜೊತೆ ಭೇಟಿ. ಲಿಖಿತ ಪರೀಕ್ಷೆಗೆ ನಲವತ್ತಕ್ಕೂ ಹೆಚ್ಚು ಜನ ಬಂದಿದ್ದೆವು. ಅದರಲ್ಲಿ ಆರು ಜನರನ್ನು ಎರಡನೆಯ ಹಂತಕ್ಕೆ ಕರೆದರು. ನನ್ನ ಹೆಸರು ಇತ್ತು. ಅಲೀಪುರದ ಸಕೀನಾ ಎಂಬ ಹುಡುಗಿಯ ಹೆಸರೂ ಇತ್ತು. ಲಿಖಿತ ಪರೀಕ್ಷೆಯ ದಿನ ನನ್ನ ಪಕ್ಕದ ಬೆಂಚಿನಲ್ಲಿ ಕೂತವಳು. ಅಂದೇ ಗೆಳೆತನವಾಗಿತ್ತು.

ಸ್ಕಿಲ್ ಟೆಸ್ಟ್ ಬೆಳಗ್ಗೆ ಒಂಬತ್ತು ಗಂಟೆಗೆ. ಇಂಜೆಕ್ಷನ್, ಡ್ರೆಸಿಂಗ್ ಮುಂತಾದವನ್ನು ಗೊಂಬೆಯ ಮೇಲೆ ಮಾಡಿಸಿದರು. ಕೊನೆಯ ಭಾಗ ಮಾತ್ರ ನಿಜವಾದ ರೋಗಿಯ ಮೇಲೆ. ಹೆಂಗಸರ ಜನರಲ್ ವಾರ್ಡಿನಲ್ಲಿ ಒಬ್ಬ ರೋಗಿಯ ವೈಟಲ್ಸ್ ನೋಡಿ ಬರೆಯಬೇಕು. ಜ್ವರ, ನಾಡಿ, ಬಿ.ಪಿ., ಉಸಿರಾಟದ ಸಂಖ್ಯೆ, ಈ ನಾಲ್ಕನ್ನು ನಾವು ವೈಟಲ್ಸ್ ಅನ್ನುತ್ತೇವೆ. ಆರು ಜನರೂ ಒಬ್ಬೊಬ್ಬರಾಗಿ ಅದೇ ರೋಗಿಯನ್ನು ನೋಡಬೇಕು. ಒಬ್ಬರಿಗೆ ಹತ್ತು ನಿಮಿಷ. ನಿಯಮಗಳನ್ನು ಎಚ್.ಆರ್. ವಿಭಾಗದ ಗುಮಾಸ್ತರು ಓದಿ ಹೇಳಿದರು. ಕಂಡದ್ದನ್ನು ರೋಗಿಗಾಗಲಿ, ಇನ್ನೊಬ್ಬ ಅಭ್ಯರ್ಥಿಗಾಗಲಿ ಹೇಳಬಾರದು. ಹಾಳೆಯಲ್ಲಿ ಬರೆದು, ಲಕೋಟೆಗೆ ಹಾಕಿ, ಅಂಟಿಸಿ ತಮ್ಮ ಕೈಗೆ ಕೊಡಬೇಕು. ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆಯಬಾರದು ಎಂಬ ಕಾರಣಕ್ಕೆ ಈ ಏರ್ಪಾಡು.

ನನ್ನದು ಐದನೆಯ ಸರದಿ. ರೋಗಿಯ ಹೆಸರು ನಾರಾಯಣಮ್ಮ, ಶಿಡ್ಲಘಟ್ಟದ ಕಡೆಯವರು. ಅರವತ್ತರ ಆಸುಪಾಸು. ಸಕ್ಕರೆ ಕಾಯಿಲೆ ಇತ್ತು, ಕಾಲಿನ ಹುಣ್ಣಿಗೆ ಚಿಕಿತ್ಸೆಗೆ ಸೇರಿದ್ದರು. ಗುಣವಾಗುತ್ತಿರುವ, ಮಾತಾಡುವ ರೋಗಿ ಎಂದು ಅವರನ್ನು ಪರೀಕ್ಷೆಗೆ ಆರಿಸಿದ್ದರಂತೆ. ನಾನು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ಕಂಬಳಿಯನ್ನು ಕುತ್ತಿಗೆಯವರೆಗೆ ಹೊದ್ದಿದ್ದರು. ನಾಡಿ ನೋಡಲು ಕೈ ಹಿಡಿದೆ. ತಣ್ಣಗಿತ್ತು.

"ನೀನ್ ಐದನೆಯವ್ಳು," ಅಂದರು. "ಎಲ್ಲಾರೂ ಬರ್ತೀರಿ, ಕೈ ಹಿಡೀತೀರಿ, ಬರ್ಕೊಂಡ್ ಹೋಗ್ತೀರಿ. ಒಬ್ರಾದ್ರೂ ಏನೂ ಹೇಳಲ್ಲವಲ್ಲ ತಾಯಿ."

ನಾನು ನಕ್ಕೆ. ನಾಡಿ ನೂರ ಹದಿನೆಂಟು. ಬಿ.ಪಿ. ತೊಂಬತ್ತನಾಲ್ಕು, ಅರವತ್ತು. ಜ್ವರವಿರಲಿಲ್ಲ. ಮೈ ಬಿಸಿ ಇರಬೇಕಾದ್ದಕ್ಕಿಂತ ಕಡಿಮೆಯೇ ಇತ್ತು. ಉಸಿರಾಟ ಎಣಿಸುವುದಕ್ಕೆ ಒಂದು ಉಪಾಯವಿದೆ. ಉಸಿರು ಎಣಿಸುತ್ತಿದ್ದಾರೆ ಎಂದು ಗೊತ್ತಾದರೆ ರೋಗಿಗೆ ಅರಿವಿಲ್ಲದೆಯೇ ಉಸಿರಿನ ಗತಿ ಬದಲಾಗುತ್ತದೆ. ಅದಕ್ಕೆ ನಾಡಿ ನೋಡುತ್ತಿರುವವರಂತೆ ಕೈ ಹಿಡಿದುಕೊಂಡೇ ಎದೆಯ ಏರಿಳಿತವನ್ನು ಒಂದು ನಿಮಿಷ ಪೂರ್ತಿ ನೋಡಬೇಕು. ಬಹಳ ನರ್ಸುಗಳು ಇದನ್ನು ಎಣಿಸುವುದಿಲ್ಲ. ಅಂದಾಜಿಗೆ ಹದಿನೆಂಟೋ ಇಪ್ಪತ್ತೋ ಬರೆದುಬಿಡುತ್ತಾರೆ. ನಾನು ಎಣಿಸಿದೆ. ಮೂವತ್ತೆರಡು ಬಂತು. ನಂಬಿಕೆಯಾಗದೆ ಇನ್ನೊಮ್ಮೆ ಎಣಿಸಿದೆ. ಮೂವತ್ತೆರಡೇ.

ದೊಡ್ಡವರಲ್ಲಿ ಉಸಿರಾಟ ಇಪ್ಪತ್ತರೊಳಗಿರಬೇಕು. ಹುಣ್ಣಿನ ಸೋಂಕು ರಕ್ತಕ್ಕೆ ಸೇರಿ ಮೈಯೆಲ್ಲ ಹರಡಲು ಶುರುವಾದರೆ, ಅದಕ್ಕೆ ಸೆಪ್ಸಿಸ್ ಅನ್ನುತ್ತಾರೆ, ಮೊದಲು ಕೆಡುವುದು ಬಹಳ ಸಲ ಈ ಉಸಿರಿನ ಲೆಕ್ಕವೇ. ಅದೂ ನನಗೆ ಗೊತ್ತಿತ್ತು. ಲಿಖಿತ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಿತ್ತು, ಸರಿಯಾದ ಉತ್ತರ ಬರೆದಿದ್ದೆ.

"ಏನ್ ಬರ್ಕೊಂಡೆ? ನಂಗೂ ವಸಿ ಚೆಪ್ಪಮ್ಮಾ," ಅಂದರು ನಾರಾಯಣಮ್ಮ. ಚೆಪ್ಪು ಅಂದರೆ ಹೇಳು, ಆ ಕಡೆಯವರಿಗೆ ಕನ್ನಡದ ನಡುವೆ ತೆಲುಗು ತಾನಾಗಿ ಬರುತ್ತದೆ.

ಬಾಗಿಲ ಹತ್ತಿರ ಗುಮಾಸ್ತರು ಗಡಿಯಾರ ನೋಡುತ್ತಾ ನಿಂತಿದ್ದರು.

"ಎಲ್ಲಾ ಚೆನ್ನಾಗಿದೆ ಅಮ್ಮ," ಅಂದೆ.

"ಹಂಗಾ? ಸರಿ ಬಿಡು. ಯಾಕೋ ಬೆಳಗ್ಗಿಂದ ಚಳಿ ಚಳಿ," ಅಂದು ಕಣ್ಣು ಮುಚ್ಚಿಕೊಂಡರು.

ಹಾಳೆಯನ್ನು ಲಕೋಟೆಗೆ ಹಾಕಿ ಅಂಟಿಸಿದೆ. ಹೊರಗೆ ಬರುವಾಗ ಡ್ಯೂಟಿ ನರ್ಸಿನ ಮೇಜು ದಾಟಬೇಕಿತ್ತು. ಆಕೆ ಹೊಸ ರೋಗಿಯೊಬ್ಬರ ಅಡ್ಮಿಷನ್ ಬರೆಯುತ್ತಿದ್ದರು. ನಾನು ಅಲ್ಲಿ ನಿಂತೆ. ಎಷ್ಟು ಹೊತ್ತು ನಿಂತೆ ಎಂದು ಖಚಿತವಾಗಿ ಹೇಳಲಾರೆ, ಬಹಳ ಹೊತ್ತಲ್ಲ. ಆಕೆ ತಲೆಯೆತ್ತಿ, "ಕ್ಯಾಂಡಿಡೇಟಾ? ಕವರ್ ಅವ್ರ ಕೈಗೆ ಕೊಡಿ," ಎಂದು ಗುಮಾಸ್ತರನ್ನು ತೋರಿಸಿದರು.

ಕೊಟ್ಟೆ. ನನ್ನ ತಲೆಯಲ್ಲಿ ಆಗ ಓಡಿದ್ದನ್ನು ಮುಚ್ಚಿಡದೆ ಬರೆಯುತ್ತೇನೆ. ಇದು ಪರೀಕ್ಷೆ. ನಾವು ಎಣಿಸುತ್ತೇವೋ ಇಲ್ಲವೋ ನೋಡಲೆಂದೇ ಇಂಥ ರೋಗಿಯನ್ನು ಆರಿಸಿದ್ದಾರೆ. ಇವರಿಗೆಲ್ಲ ಮೊದಲೇ ಗೊತ್ತಿದೆ. ಇಷ್ಟು ದೊಡ್ಡ ಆಸ್ಪತ್ರೆ, ಇಷ್ಟು ಜನ ಡಾಕ್ಟರು. ಚಿಂತಾಮಣಿಯಿಂದ ಬಂದ ನಾನು ಬಾಯಿ ಬಿಟ್ಟರೆ ನಿಯಮ ಮುರಿದವಳೆಂದು ಹೊರಗೆ ಹಾಕುತ್ತಾರೆ. ಇಷ್ಟೂ ನಿಜವಾಗಿ ನನ್ನ ಮನಸ್ಸಿನಲ್ಲಿತ್ತು. ಅದರ ಅಡಿಯಲ್ಲಿ ಇನ್ನೊಂದೂ ಇತ್ತು. ಮೂವತ್ತೆರಡು ಕಂಡುಹಿಡಿದವಳು ನಾನೊಬ್ಬಳೇ ಆಗಿದ್ದರೆ ಚೆನ್ನ ಅನ್ನುವ ಆಸೆ.

ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನೂ ಸಕೀನಾಳೂ ಕಾಫಿ ಕುಡಿದೆವು. ಅವಳದು ಮೂರನೆಯ ಸರದಿಯಾಗಿತ್ತು.

"ರೆಸ್ಪಿರೇಷನ್ ಎಷ್ಟು ಬರ್ದೆ?" ಅಂತ ಕೇಳಿದೆ.

"ಇಪ್ಪತ್ತು. ನೀನು?"

"ಮೂವತ್ತೆರಡು."

"ಮೂವತ್ತೆರಡಾ? ಅಷ್ಟಿದ್ರೆ ಆಯಮ್ಮ ಹಂಗೆ ಮಾತಾಡ್ತಿದ್ರಾ? ತಪ್ಪು ಎಣ್ಸಿದ್ದೀಯ ಕಣೇ."

ಚಿಂತಾಮಣಿ ತಲುಪುವವರೆಗೂ ಬಸ್ಸಿನಲ್ಲಿ ಅದೇ ಯೋಚನೆ. ತಪ್ಪು ಎಣಿಸಿದೆನೇ, ನನ್ನ ಅಂಕ ಹೋಯಿತೇ ಎಂದು ಕಳವಳಪಟ್ಟೆ. ನಾರಾಯಣಮ್ಮನವರ ಬಗ್ಗೆ ಕಳವಳಪಟ್ಟ ನೆನಪಿಲ್ಲ. ಈಗ ಎಷ್ಟು ಹುಡುಕಿದರೂ ಆ ದಿನದ ನೆನಪಿನಲ್ಲಿ ಅಂಥದ್ದು ಸಿಗುವುದಿಲ್ಲ.

ನಾಲ್ಕು ದಿನದ ಮೇಲೆ ಪ್ಯಾನೆಲ್ ಸಂದರ್ಶನಕ್ಕೆ ಕರೆ ಬಂತು. ಮೇಜಿನ ಆಚೆ ಮೂವರು. ನರ್ಸಿಂಗ್ ಸೂಪರಿಂಟೆಂಡೆಂಟ್ ರೋಸಿ ಮೇಡಂ, ಮಂಗಳೂರು ಕಡೆಯವರು. ಅವರ ಪಕ್ಕದಲ್ಲಿ ಒಬ್ಬ ಫಿಸಿಶಿಯನ್. ಕೊನೆಯಲ್ಲಿ ಎಚ್.ಆರ್. ಅಧಿಕಾರಿ, ಮುಂದೆ ಪ್ರಶ್ನೆಗಳ ಪಟ್ಟಿ ಇಟ್ಟುಕೊಂಡು ಕೂತಿದ್ದ ಯುವಕ. ರೋಸಿ ಮೇಡಂ ಕೈಯಲ್ಲಿ ನನ್ನ ಹಾಳೆ ಇತ್ತು.

"ನೀವು ಉಸಿರಾಟ ಮೂವತ್ತೆರಡು ಅಂತ ಬರೆದಿದ್ದೀರಿ. ಹೇಗೆ ಎಣಿಸಿದಿರಿ?"

ಹೇಳಿದೆ.

"ಎಷ್ಟು ಸಲ?"

"ಎರಡು ಸಲ ಮೇಡಂ."

ಅವರು ಹಾಳೆಯನ್ನು ಫಿಸಿಶಿಯನ್ ಕಡೆಗೆ ಸರಿಸಿದರು. "ಆರು ಜನರಲ್ಲಿ ಸರಿಯಾಗಿ ಬರೆದದ್ದು ಇವರೊಬ್ಬರೇ, ಡಾಕ್ಟರ್."

ನನ್ನ ಎದೆ ಹಗುರಾಯಿತು. ಕೆಲಸ ಸಿಕ್ಕಿತು ಎಂದೇ ಅಂದುಕೊಂಡೆ. ಆ ಸಂತೋಷದಲ್ಲಿಯೇ, ಒಳ್ಳೆಯ ನರ್ಸ್ ಕೇಳಬೇಕಾದ ಪ್ರಶ್ನೆ ಎನ್ನುವಂತೆ, "ಆಯಮ್ಮ ಈಗ ಹೇಗಿದ್ದಾರೆ ಮೇಡಂ?" ಎಂದು ಕೇಳಿದೆ.

ಫಿಸಿಶಿಯನ್ ಹಾಳೆಯನ್ನು ಕೆಳಗಿಟ್ಟು ಹೇಳಿದರು. "ಅವತ್ತು ಸಂಜೆ ನಾಲ್ಕಕ್ಕೆ ಬಿ.ಪಿ. ಬಿದ್ದುಹೋಯ್ತು. ಐ.ಸಿ.ಯು.ಗೆ ಶಿಫ್ಟ್ ಮಾಡಿದ್ವಿ. ಮಾರನೇ ದಿನ ಬೆಳಗ್ಗೆ ತೀರ್ಕೊಂಡ್ರು. ಸೆಪ್ಸಿಸ್."

"ನಿಮಗೆ ಗೊತ್ತಿತ್ತಲ್ಲವಾ ಸರ್, ಬೆಳಗ್ಗೆನೇ?"

"ಚಾರ್ಟಲ್ಲಿ ಉಸಿರಾಟ ಹದಿನೆಂಟು ಅಂತಿತ್ತು," ಅಂದರು. "ಹಿಂದಿನ ದಿನವೂ ಹದಿನೆಂಟು. ಅದರ ಹಿಂದಿನ ದಿನವೂ ಹದಿನೆಂಟು."

ಲಕೋಟೆಗಳನ್ನು ತೆರೆದದ್ದು ಮೂರನೆಯ ದಿನವಂತೆ. ನಾನು ಹನ್ನೊಂದು ಗಂಟೆಗೆ ಬರೆದುಕೊಟ್ಟ ಸಂಖ್ಯೆ ಸಂಜೆ ನಾಲ್ಕರವರೆಗಿನ ಐದು ಗಂಟೆಗಳೂ ಗುಮಾಸ್ತರ ಬೀರುವಿನಲ್ಲಿತ್ತು. ಅದೇ ಕಟ್ಟಡದಲ್ಲಿ, ಒಂದು ಮಹಡಿ ಕೆಳಗೆ.

ಎಚ್.ಆರ್. ಯುವಕ ತನ್ನ ಪಟ್ಟಿ ನೋಡಿ ಮುಂದಿನ ಪ್ರಶ್ನೆ ಓದಿದ. "ರೋಗಿಯ ಸ್ಥಿತಿ ಹದಗೆಡುತ್ತಿದೆ ಅಂತ ನಿಮಗೆ ಗೊತ್ತಾದರೆ ಮೊದಲು ಏನು ಮಾಡ್ತೀರಿ?" ಓದಿ ಮುಗಿಸಿದ ಮೇಲೆ ತಾನು ಓದಿದ್ದು ಏನೆಂದು ಅವನಿಗೂ ಹೊಳೆದಿರಬೇಕು, ಮುಖ ಕೆಂಪಾಯಿತು.

ಅದಕ್ಕೆ ಪುಸ್ತಕದ ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಹಿರಿಯ ನರ್ಸಿಗೆ ತಿಳಿಸುತ್ತೇನೆ, ಡಾಕ್ಟರನ್ನು ಕರೆಯುತ್ತೇನೆ, ಅವರು ಬರುವವರೆಗೂ ರೋಗಿಯ ಪಕ್ಕದಿಂದ ಕದಲುವುದಿಲ್ಲ.

"ನಾನು ಯಾರಿಗೂ ಹೇಳಲಿಲ್ಲ ಸರ್," ಅಂದೆ. "ಬರೆದುಕೊಟ್ಟು ಬಸ್ ಹತ್ತಿದೆ."

ರೋಸಿ ಮೇಡಂ ನನ್ನನ್ನೇ ನೋಡುತ್ತಿದ್ದರು. "ನಿಯಮ ಹಾಗೆ ಮಾಡಿದವರು ನಾವು," ಅಂದರು. "ಆದರೂ," ಎಂದರು. ಆಮೇಲೆ ನನ್ನ ಫೈಲು ಮುಚ್ಚಿದರು.

ನನ್ನನ್ನು ಕೈಬಿಡುತ್ತಾರೆ ಎಂದುಕೊಂಡಿದ್ದೆ. ಬಿಟ್ಟಿದ್ದರೆ ಒಂದು ಲೆಕ್ಕಕ್ಕೆ ಸುಲಭವಾಗುತ್ತಿತ್ತು. ವಾರದೊಳಗೆ ಕೊನೆಯ ಹಂತಕ್ಕೆ ಪತ್ರ ಬಂತು. ಮೆಡಿಕಲ್ ಡೈರೆಕ್ಟರ್ ಹಿರಿಯ ಸರ್ಜನ್, ಮೃದು ಮಾತಿನವರು. ನನ್ನ ಫೈಲು ನೋಡಿ ಎರಡೇ ಪ್ರಶ್ನೆ ಕೇಳಿದರು, ಊರು ಯಾವುದು, ಶಿಫ್ಟ್ ಕೆಲಸ ಆಗುತ್ತದೆಯೇ ಎಂದು. ಆಮೇಲೆ, "ನೀವೇನಾದರೂ ಕೇಳುವುದಿದೆಯಾ?" ಎಂದರು.

"ಆಯಮ್ಮನ ಮನೆಯವರಿಗೆ ಹೇಳಿದ್ದೀರಾ ಸರ್? ಬೆಳಗ್ಗೆಯೇ ಗೊತ್ತಾಗಿತ್ತು ಅಂತ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಚಾರ್ಟ್ ಬರೆದವರ ಮೇಲೆ ಕ್ರಮ ಆಗಿದೆ. ನಿಮ್ಮ ಹಾಳೆ ಪರೀಕ್ಷೆಯ ಕಾಗದ, ರೋಗಿಯ ದಾಖಲೆ ಅಲ್ಲ. ಬೆಳಗ್ಗೆಯೇ ಔಷಧಿ ಶುರು ಮಾಡಿದ್ದರೆ ಉಳಿಯುತ್ತಿದ್ದರು ಅಂತ ಯಾರೂ ಹೇಳಲಾರರು. ಉಳಿಯುತ್ತಿರಲಿಲ್ಲ ಅಂತಲೂ ಹೇಳಲಾರರು. ಈಗ ಹೋಗಿ ಹೇಳಿ ಏನು ಪ್ರಯೋಜನ?" ಆಮೇಲೆ ಕೇಳಿದರು: "ಸೇರುತ್ತೀರಾ?"

ಎರಡು ದಿನ ಸಮಯ ಕೇಳಿದೆ. ಮನೆಗೆ ಬಂದು ಅಪ್ಪನಿಗೆ ಲಕೋಟೆಯ ವಿಷಯ ಹೇಳಿದೆ. ಅಪ್ಪ ಟೊಮೆಟೊ ಗಿಡಕ್ಕೆ ಕಡ್ಡಿ ನೆಟ್ಟು ಕಟ್ಟುತ್ತಿದ್ದರು, ಕೈ ನಿಲ್ಲಿಸದೆ ಕೇಳಿಸಿಕೊಂಡರು. "ನೀನೇನ್ ಸುಳ್ ಬರೀಲಿಲ್ವಲ್ಲಮ್ಮ," ಅಂದರು. ಬರೆದದ್ದರಲ್ಲಿ ಸುಳ್ಳಿರಲಿಲ್ಲ, ನಿಜ. ನಾರಾಯಣಮ್ಮನವರಿಗೆ ಬಾಯಲ್ಲಿ ಹೇಳಿದ್ದನ್ನು ನಾನು ಅಪ್ಪನಿಗೆ ತಿಳಿಸಿರಲಿಲ್ಲ.

ಸಕೀನಾಳಿಗೆ ಫೋನ್ ಮಾಡಿದೆ. ಅವಳ ಆಯ್ಕೆ ಆಗಿರಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. "ನಾನು ಎಣಿಸ್ಲೇ ಇಲ್ಲ ಭಾಗ್ಯ," ಅಂದಳು. "ಟೈಮ್ ಆಗೋಗುತ್ತೆ ಅಂತ ಹೆದರ್ಕೊಂಡು ಇಪ್ಪತ್ತು ಅಂತ ಹಾಕ್ಬಿಟ್ಟೆ. ನಾನು ನೋಡ್ಲೇ ಇಲ್ಲ, ನೀನು ನೋಡಿ ಹೇಳ್ಲಿಲ್ಲ. ಯಾರ್ದು ದೊಡ್ ತಪ್ಪು?" ಅವಳ ಧ್ವನಿಯಲ್ಲಿ ಚುಚ್ಚುಮಾತಿನ ಸುಳಿವಿರಲಿಲ್ಲ. ಅವಳಿಗೆ ನಿಜವಾಗಿ ಉತ್ತರ ಬೇಕಿತ್ತು.

ಕೆಲಸಕ್ಕೆ ಸೇರಿದೆ. ಮೊದಲ ಪೋಸ್ಟಿಂಗ್ ಹೆಂಗಸರ ಜನರಲ್ ವಾರ್ಡು. ನಾರಾಯಣಮ್ಮನವರ ಹಾಸಿಗೆಯಲ್ಲಿ ಆಗ ಬೇರೊಬ್ಬರಿದ್ದರು. ದಿನಕ್ಕೆ ಮೂರು ಸಲ ಅಲ್ಲಿಗೆ ಹೋಗಲೇಬೇಕು. ಆ ಹಾಸಿಗೆಯವರ ಕೈ ಹಿಡಿಯುವ ಮುಂಚೆ ನನ್ನ ಕೈಗಳನ್ನೇ ಒಂದಕ್ಕೊಂದು ಉಜ್ಜಿ ಬಿಸಿ ಮಾಡಿಕೊಳ್ಳುತ್ತಿದ್ದೆ. ತಣ್ಣಗಿರುವುದು ಯಾರ ಕೈ ಎಂದು ಅನುಮಾನ ಬರಬಾರದು ಎಂದು.

ಮೊದಲ ವಾರದ ರಜೆಯ ದಿನ ಶಿಡ್ಲಘಟ್ಟದ ಬಸ್ ಹತ್ತಿದೆ. ನಾರಾಯಣಮ್ಮನವರ ಊರು ಕೇಸ್ ಶೀಟಿನಲ್ಲಿ ನೋಡಿಕೊಂಡಿದ್ದೆ. ರೋಗಿಯ ವಿಳಾಸವನ್ನು ಹಾಗೆ ಬಳಸಬಾರದು, ಗೊತ್ತಿತ್ತು. ಯಾರಿಗೂ ಹೇಳದೆ ಹೋದೆ. ರೇಷ್ಮೆ ಸಾಕುವ ಮನೆ. ಮಗಳು ಮಂಜುಳ ಹುಳುಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಳು, ನನ್ನದೇ ವಯಸ್ಸು. ಆಸ್ಪತ್ರೆಯವಳು ಎಂದ ಕೂಡಲೇ ಚಾಪೆ ಹಾಕಿ, ನೀರು ಕೊಟ್ಟಳು. ಹುಳುಗಳು ಸೊಪ್ಪು ತಿನ್ನುವ ಸದ್ದು ಮನೆ ತುಂಬಾ ಇತ್ತು.

ಎಲ್ಲವನ್ನೂ ಹೇಳಿದೆ. ಮೂವತ್ತೆರಡು ಎಂದರೆ ಏನು, ಎಷ್ಟು ಗಂಟೆಗೆ ಎಣಿಸಿದೆ, ಲಕೋಟೆ ಎಲ್ಲಿತ್ತು. ಅವಳ ಅಮ್ಮ ಕೇಳಿದ್ದನ್ನೂ ನಾನು ಕೊಟ್ಟ ಉತ್ತರವನ್ನೂ ಹೇಳಿದೆ.

ಅವಳು ಅಳಲಿಲ್ಲ, ಬೈಯಲೂ ಇಲ್ಲ. ಸೊಪ್ಪಿನ ಬುಟ್ಟಿ ಮಡಿಲಲ್ಲಿ ಹಾಗೇ ಇತ್ತು.

"ಇಷ್ಟ್ ದಿನ ದೇವ್ರು ಕರ್ಕೊಂಡ ಅಂದ್ಕೊಂಡಿದ್ವಿ ಅಕ್ಕ," ಅಂದಳು. "ಅಪ್ಪ ಹಂಗಂದ್ಕೊಂಡೇ ವಸಿ ಸಮಾಧಾನವಾಗವ್ನೆ. ನೀವು ಬಂದು ಹೇಳಿದ್ರಿ, ನಿಮ್ದು ಹಗುರಾಯ್ತು. ಈಗ ನಾನಿದನ್ನ ಎಲ್ಲಿಡ್ಲಿ?"

ಬಾಗಿಲವರೆಗೂ ಬಂದು, "ಅಪ್ಪಂಗೆ ಹೇಳ್ಬೇಡಿ," ಅಂದಳು. ಅಷ್ಟೇ.

ನಿಜ ಹೇಳಿದರೆ ಮನಸ್ಸು ತಿಳಿಯಾಗುತ್ತದೆ ಎಂದು ನಂಬಿದ್ದೆ. ಆ ದಿನ ಶಿಡ್ಲಘಟ್ಟದಿಂದ ವಾಪಸ್ಸು ಬರುವಾಗ, ಹೇಳಬೇಕಾದ ಹೊತ್ತಿಗೆ ಹೇಳದ ನಿಜವನ್ನು ಆಮೇಲೆ ಹೇಳಿದರೆ ಅದು ಯಾರಿಗೂ ಔಷಧಿಯಾಗುವುದಿಲ್ಲ ಎಂದು ತಿಳಿಯಿತು. ಹೇಳಿದ್ದು ಸರಿಯೋ ತಪ್ಪೋ ಎಂದು ಈಗಲೂ ನನ್ನೊಳಗೆ ತೀರ್ಮಾನವಾಗಿಲ್ಲ.

ಎರಡು ವರ್ಷದ ನಂತರ ಮಂಜುಳಳನ್ನು ಮತ್ತೆ ನೋಡಿದೆ. ಅವಳ ಅಪ್ಪನಿಗೆ ನ್ಯುಮೋನಿಯಾ ಆಗಿ ನಮ್ಮಲ್ಲಿಗೇ ತಂದಿದ್ದರು. ಬೇರೆ ಆಸ್ಪತ್ರೆಗೆ ಹೋಗುವಷ್ಟು ಸಮಯವಿರಲಿಲ್ಲವಂತೆ. ನಾನು ಆಗ ಗಂಡಸರ ವಾರ್ಡಿನಲ್ಲಿದ್ದೆ. ನನ್ನನ್ನು ಕಂಡು ಗುರುತು ಹಿಡಿದಳು, ಮಾತಾಡಿಸಲಿಲ್ಲ. ಅಪ್ಪನ ಎದುರಿಗೆ ನನ್ನ ಪರಿಚಯವನ್ನೂ ತೋರಿಸಲಿಲ್ಲ. ನಾನು ವೈಟಲ್ಸ್ ನೋಡಲು ಹೋದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು. ನಾನು ಒಂದು ನಿಮಿಷ ಪೂರ್ತಿ ಎಣಿಸುವವರೆಗೂ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಗಿದ ಕೂಡಲೇ ಕೇಳುತ್ತಿದ್ದಳು:

"ಎಷ್ಟು?"

"ಇಪ್ಪತ್ತೆಂಟು," ಎಂದರೆ ಒಂದು ನೋಟ್ ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು. "ಜಾಸ್ತಿನಾ?"

"ಜಾಸ್ತಿ. ಡಾಕ್ಟರಿಗೆ ಹೇಳಿದೀನಿ. ಈಗ ಬರ್ತಾರೆ."

ಆರು ದಿನ ಹೀಗೇ ನಡೆಯಿತು. ಇಪ್ಪತ್ತೆಂಟು ಇಪ್ಪತ್ನಾಲ್ಕಾಯಿತು, ಇಪ್ಪತ್ತಾಯಿತು, ಹದಿನೆಂಟಕ್ಕೆ ಬಂತು. ಹದಿನೆಂಟು ಎಂದ ದಿನ ಅವಳು ಬರೆದುಕೊಳ್ಳಲಿಲ್ಲ. "ಇನ್ನೊಂದ್ಸಲ ಎಣ್ಸಿ," ಅಂದಳು. ಎಣಿಸಿದೆ. ಹದಿನೆಂಟೇ. ಆಗ ಬರೆದುಕೊಂಡಳು. ಅಪ್ಪನನ್ನು ನಡೆಸಿಕೊಂಡು ಹೋದಳು, ಹೋಗುವಾಗ ನನ್ನ ಕಡೆ ತಿರುಗಲಿಲ್ಲ. ಅವಳು ನನ್ನನ್ನು ಕ್ಷಮಿಸಿದಳೇ ಎಂದು ನನಗೆ ಗೊತ್ತಿಲ್ಲ, ಕೇಳುವ ಹಕ್ಕೂ ನನಗಿಲ್ಲ.

ಈಗ ಹೊಸ ನರ್ಸುಗಳ ಸ್ಕಿಲ್ ಟೆಸ್ಟ್ ನಡೆಸುವ ಹೊಣೆ ನನ್ನದು. ಲಕೋಟೆಯನ್ನು ರೋಸಿ ಮೇಡಂ ಇರುವಾಗಲೇ ತೆಗೆದುಹಾಕಿದರು. ಅಭ್ಯರ್ಥಿ ತಾನು ಎಣಿಸಿದ್ದನ್ನು ಅಲ್ಲೇ, ಡ್ಯೂಟಿ ನರ್ಸಿನ ಮುಂದೆ ಬಾಯಿಬಿಟ್ಟು ಹೇಳಬೇಕು. ನಕಲು ಮಾಡುತ್ತಾರೆ, ಮೇಲು ಕೀಳು ಗೊತ್ತಾಗುವುದಿಲ್ಲ ಎಂದು ಎಚ್.ಆರ್.ನವರು ಪ್ರತಿ ವರ್ಷ ಗೊಣಗುತ್ತಾರೆ. ಗೊಣಗಲಿ. ಸಂದರ್ಶನಕ್ಕೆ ಬಂದ ಹುಡುಗಿಯರು ಬಾಗಿಲಲ್ಲಿ ಫೈಲು ಎದೆಗವಚಿಕೊಂಡು ನಿಂತಿರುವುದನ್ನು ನೋಡಿದಾಗ ನನಗೆ ಗೊತ್ತಾಗುತ್ತದೆ, ಅವರು ಹೆದರಿರುವುದು ನಮಗೆ, ರೋಗಿಗಾಗಿ ಅಲ್ಲ. ಅದಕ್ಕೆ ಒಳಗೆ ಬಿಡುವ ಮುಂಚೆ ಒಂದು ಮಾತು ಹೇಳುತ್ತೇನೆ. ನೇಮಕದ ಆದೇಶ ಕೈಗೆ ಬಂದ ದಿನ ನಿಮ್ಮ ಸಂಬಳ ಶುರುವಾಗುತ್ತದೆ, ಅಷ್ಟೇ. ನೀವು ನರ್ಸ್ ಆಗುವುದು ಈಗ, ಆ ಬಾಗಿಲು ದಾಟಿ ಒಬ್ಬರ ಕೈ ಹಿಡಿದ ಕ್ಷಣದಿಂದ. ಕಂಡದ್ದು ಸರಿಯಿಲ್ಲವೆಂದರೆ ಪರೀಕ್ಷೆ ಬಿಟ್ಟು ಓಡಿ ಬಂದು ಹೇಳಿ, ಕೆಲಸ ಹೋದರೆ ಹೋಗಲಿ.

ಹುಡುಗಿಯರು ತಲೆಯಾಡಿಸುತ್ತಾರೆ. ಈ ಮಾತನ್ನು ನಾನು ಎಲ್ಲಿ ಕಲಿತೆ ಎಂದು ಇದುವರೆಗೆ ಯಾರೂ ಕೇಳಿಲ್ಲ.